ಯಾರೂ ನೋಡಬಾರದ ಮಾಲು

ತೆರ್ ತಿಂಗಳ ಹತ್ತನೇ ತಾರೀಖು, ಉಪವಾಸದ ದಿನ ಬೆಳಿಗ್ಗೆ, ಕಿದಾನೆ ಮಿಹ್ರೆತ್ ಚರ್ಚಿನ ಹಿರಿಯ ಪಾದ್ರಿ ತೆಕ್ಲೆಯವರು ವರ್ಕ ಅಂಬಾ ಪೊಲೀಸ್ ಠಾಣೆಗೆ ಬರಿಗಾಲಲ್ಲಿ ಬಂದರು. ಇನ್ಸ್‌ಪೆಕ್ಟರ್ ಶಿಫೆರಾವ್ ಎದ್ದು ಅವರ ಕೈಯಲ್ಲಿದ್ದ ಶಿಲುಬೆಗೆ ಮುತ್ತಿಟ್ಟು ಕುರ್ಚಿ ಕೊಟ್ಟರು.

“ಗರ್ಭಗುಡೀಲಿ ತಾಬೋತ್ ಇಲ್ಲಪ್ಪ,” ಅಂದರು ಪಾದ್ರಿ.

ಬರೆದುಕೊಳ್ಳುತ್ತಿದ್ದ ಸಾರ್ಜೆಂಟ್ ಜೆನೆಬೆಚ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ತಾಬೋತ್ ಅಂದರೆ ಹತ್ತು ಆಜ್ಞೆಗಳ ಹಲಗೆ; ಅದಿಲ್ಲದೆ ಹೋದರೆ ಚರ್ಚು ಬರೀ ನಾಲ್ಕು ಗೋಡೆ. ಪಾದ್ರಿಗಳ ಹೊರತು ಅದನ್ನು ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ. ನೋಡಿದವನ ಕಣ್ಣು ಹೋಗುತ್ತದೆಂದು ಊರು ನಂಬಿದೆ; ಇನ್ಸ್‌ಪೆಕ್ಟರೂ ಊರಿನವರೇ. ಅಂದು ಮಧ್ಯಾಹ್ನವೇ ಯೇಸುವಿನ ದೀಕ್ಷಾಸ್ನಾನದ ನೆನಪಿನ ತಿಮ್ಕೆತ್ ಹಬ್ಬದ ಮೆರವಣಿಗೆ. ಬಟ್ಟೆ ಸುತ್ತಿದ ತಾಬೋತ್ ಪಾದ್ರಿಯ ತಲೆಯೇರಿ, ಸಂತೆಬೀದಿ ಹಾದು ಹೊಳೆಗೆ ಹೋಗಬೇಕು.

“ಉದ್ದ ಎಷ್ಟು?”

“ಹೇಳಬಾರದು.”

“ಮರದ್ದೋ ಕಲ್ಲಿಂದೋ?”

“ಹೇಳಬಾರದು.”

“ಅಯ್ಯನೋರೆ, ಎಫ್‌ಐಆರಲ್ಲಿ ಏನಂತ ಬರೀಲಿ?”

“ಹೋಗಿದೆ ಅಂತ ಬರಿ.”

ಹಾಗೇ ಬರೆದರು.

ಸುದ್ದಿ ಪೊಲೀಸರಿಗಿಂತ ಮೊದಲೇ ಸಂತೆಬೀದಿ ತಲುಪಿತ್ತು. ಉಪ್ಪಿನ ವ್ಯಾಪಾರದ ಹಳೇ ಕಾಲದಿಂದ ಅಲ್ಲಿ ಕ್ರೈಸ್ತರೂ ಮುಸಲ್ಮಾನರೂ ಒಂದೇ ತಕ್ಕಡಿಯಲ್ಲಿ ತೂಗಿ ಬದುಕಿದ್ದಾರೆ. ಆದರೆ ಹಳೆಯ ಬೆಳ್ಳಿ ಶಿಲುಬೆ, ತೊಗಲಿನ ಗ್ರಂಥ ಕೊಂಡು ಅಡಿಸ್ ಅಬಾಬಕ್ಕೆ ಕಳಿಸುವ ಜಮಾಲ್‌ನ ಅಂಗಡಿ ಮುಂದೆ ಅಂದು ನೂರಾರು ಜನ ದೊಣ್ಣೆ ಹಿಡಿದು ನಿಂತಿದ್ದರು. ಯಾರೂ ಕೂಗುತ್ತಿರಲಿಲ್ಲ, ಹೆದರಿಕೆಯಾದದ್ದು ಅದಕ್ಕೇ. ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿಯಿತ್ತು.

ಶಿಫೆರಾವ್ ಅಂಗಡಿಯನ್ನು ಮೂಲೆಮೂಲೆ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ಜಮಾಲ್‌ನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದರು.

“ಸಾರ್, ಮೆರವಣಿಗೆ ಕೊಡೆಗೆ ಜರಿ ಅಂಚು ಹೊಲಿದಿದ್ದೇ ನಮ್ಮಜ್ಜ. ನನ್ನನ್ನ ಯಾಕೆ ಒಳಗೆ ಹಾಕ್ತೀರಿ?”

“ಹೊರಗಿದ್ರೆ ಸುಟ್ಟುಹಾಕ್ತಾರೆ, ಅದಕ್ಕೆ.”

“ಮೆರವಣಿಗೆ ಹೊತ್ತಿಗೆ ಅದು ಸಿಗದೇ ಹೋದ್ರೆ?”

ಶಿಫೆರಾವ್ ಜೀಪು ಹೊರಡಿಸಿದರು. ಲಾಕಪ್ಪಿನ ಬಾಗಿಲು ಅಷ್ಟು ಜನರನ್ನು ತಡೆಯದೆಂದು ಇಬ್ಬರಿಗೂ ಗೊತ್ತಿತ್ತು.

ಸ್ಥಳ ಪಂಚನಾಮೆಯೂ ವಿಚಿತ್ರವಾಗಿಯೇ ನಡೆಯಿತು. ಇನ್ಸ್‌ಪೆಕ್ಟರು, ಸಾರ್ಜೆಂಟು, ಪಂಚರಿಬ್ಬರು ಗರ್ಭಗುಡಿಯ ಪರದೆಯ ಈಚೆ; ತೆಕ್ಲೆಯವರೊಬ್ಬರೇ ಆಚೆ.

“ಬೀಗ ಮುರಿದಿಲ್ಲ, ಅಲ್ವಾ?”

“ಇಲ್ಲ. ಬಾಗಿಲನ್ನ ಒಂಚೂರು ಎತ್ತಿ ಒತ್ತಿದ್ರೆ ಕೀ ಇಲ್ದೇನೂ ಬರುತ್ತೆ. ಅದು ಹೊರಗಿನೋರಿಗೆ ಗೊತ್ತಿಲ್ಲ.”

“ಹೆಜ್ಜೆ ಗುರುತು?”

“ಧೂಳಲ್ಲಿದೆ. ಬರಿಗಾಲು.”

“ಬೆಳ್ಳಿ?”

“ಎಲ್ಲಾ ಇದೆ. ಧೂಪದಾನೀಲಿ ಹೊಸ ಬೂದಿ ಇದೆಯಲ್ಲ! ಪೀಠದ ಮೇಲೆ ಒಂದು ಬಿಳೀ ಬಟ್ಟೆ ಮಡಿಸಿಟ್ಟಿದಾರೆ. ಪೀಠ ಬರಿದಾಗಿ ಬಿಡಬಾರದು ಅಂತ.”

ಜೆನೆಬೆಚ್ ಪಿಸುಗುಟ್ಟಿದಳು: “ಚಪ್ಪಲಿ ಬಿಟ್ಟು, ಧೂಪ ಹಾಕಿ ಕದ್ದಿದಾನೆ. ಕಳ್ಳನಾ ಇವನು, ಭಕ್ತನಾ?”

“ಒಳಗೆ ಹೋಗೋರು ಯಾರ್ಯಾರು, ಅಯ್ಯನೋರೆ?”

ಪಾದ್ರಿ ಐದು ಹೆಸರು ಹೇಳಿದರು. ಐವರನ್ನೂ ಬೇರೆಬೇರೆಯಾಗಿ ಕೂರಿಸಿ ವಿಚಾರಿಸಿದ್ದಾಯಿತು. ರಾತ್ರಿಯಿಡೀ ಐವರೂ ಅಂಗಳದಲ್ಲಿ ಒಟ್ಟಿಗೆ ಭಜನೆ ಹಾಡಿದ್ದರು, ನೋಡಿದವರು ಬೇಕಾದಷ್ಟಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೂ ಇರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಠಾಣೆಯ ಮುಂದೆಯೂ ಜನ ಸೇರುತ್ತಿದ್ದಾರೆಂದು ಕಾನ್ಸ್‌ಟೇಬಲ್ ಫೋನ್ ಮಾಡಿದ.

ಆಗ ಶಿಫೆರಾವ್‌ಗೆ ತಮ್ಮ ಪ್ರಶ್ನೆಯೇ ತಪ್ಪೆಂದು ಹೊಳೆಯಿತು. ಒಳಗೆ ಹೋಗುವವರು ಯಾರೆಂದು ಕೇಳಿದರೆ ಪಾದ್ರಿಯಾದವರು ಹೋಗಬಹುದಾದವರ ಹೆಸರನ್ನೇ ಹೇಳುತ್ತಾರೆ.

“ಅಯ್ಯನೋರೆ, ಮೊದಲು ಹೋಗ್ತಿದ್ದು, ಈಗ ಹೋಗಬಾರದೋರು ಯಾರಾದ್ರೂ ಇದಾರಾ?”

ತೆಕ್ಲೆಯವರು ದನಿ ತಗ್ಗಿಸಿದರು. “ಅದ್ಮಾಸು. ಹದಿನೆಂಟು ವರ್ಷ ತಾಬೋತ್ ಹೊತ್ತೋನು. ಹೆಂಡ್ತಿ ಸತ್ತ ಮೇಲೆ ಇನ್ನೊಂದು ಮದುವೆ ಆದ. ಎರಡನೇ ಮದುವೆ ಆದೋನು ಪಾದ್ರಿ ಅಲ್ಲ. ಅವನನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.”

ಅದ್ಮಾಸುವಿನ ಮನೆ ಸಂತೆಯ ಹಿಂದಿನ ಏರಿನಲ್ಲಿತ್ತು. ಮುಚ್ಚಿದ ಬಾಗಿಲ ಮುಂದೆ ಎರಡು ಜೊತೆ ಚಪ್ಪಲಿ ಇದ್ದವು, ಒಂದು ಗಂಡಿನದು, ಒಂದು ಹೆಣ್ಣಿನದು. ಶಿಫೆರಾವ್ ಅಲ್ಲೇ ನಿಂತುಬಿಟ್ಟರು. ಆ ಊರಲ್ಲಿ ಯಾರೂ ತಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದಿಲ್ಲ. ಬಿಡುವುದು ಚರ್ಚಿನ ಬಾಗಿಲಲ್ಲಿ ಮಾತ್ರ.

ಒಳಗಿಂದ ಹೆಂಗಸಿನ ನರಳಾಟ ಕೇಳಿಸಿತು.

ಪಿಸ್ತೂಲು ಹಿಡಿದು ಎಷ್ಟೋ ಬಾಗಿಲು ಒದ್ದಿದ್ದ ಶಿಫೆರಾವ್ ಈಗ ಬಗ್ಗಿ ಬೂಟಿನ ಲೇಸು ಬಿಚ್ಚಿದರು. ನೆಲ ನೋಡುತ್ತಲೇ ಒಳಗೆ ಹೋದರು. ಹಬ್ಬಕ್ಕೆಂದು ಹಸಿ ಹುಲ್ಲು ಹಾಸಿದ ನೆಲ, ಮಂಚದ ಕಾಲು, ಅದರ ಪಕ್ಕ ಮಂಡಿಯೂರಿದ ಗಂಡಸಿನ ಅಂಗಾಲು ಕಂಡವು.

“ಮೇಲೆ ನೋಡಬೇಡಿ ಸಾರ್,” ಅಂದ ಅದ್ಮಾಸು. “ಅಟ್ಟದ ಮೇಲೆ ಇಟ್ಟಿದೀನಿ. ನನ್ನ ಹಳೇ ಪೂಜೆ ಬಟ್ಟೇಲೇ ಸುತ್ತಿದೀನಿ, ಆದ್ರೂ ನೋಡಬೇಡಿ.”

ಬೂಟು ಬಿಚ್ಚಿ ಹಿಂದೆಯೇ ಬಂದ ಜೆನೆಬೆಚ್ ನೇರ ಮಂಚದ ಬಳಿ ಹೋಗಿ ಹೊಟ್ಟೆ ಮುಟ್ಟಿ ನೋಡಿದಳು. “ಎಷ್ಟೊತ್ತಾಯ್ತಮ್ಮ ನೋವು ಬಂದು?”

“ನಿನ್ನೆ ಬೆಳಿಗ್ಗೆಯಿಂದ,” ಅಂದಳು ಆ ಹುಡುಗಿ. ಹೆಸರು ವುಬಾಲೆಮ್, ಅದ್ಮಾಸುವಿನ ಎರಡನೇ ಹೆಂಡತಿ.

“ಸೂಲಗಿತ್ತಿ ಎಲ್ಲಿ? ಯಾಕೆ ಯಾರನ್ನೂ ಕರೀಲಿಲ್ಲ, ಅಣ್ಣಾ? ತಲೆ ಕೆಟ್ಟಿದೆಯಾ ನಿಮಗೆ?”

“ಇದು ಮನೇಲಿರೋವಾಗ ಯಾರನ್ನಮ್ಮ ಕರೀಲಿ?” ಅದ್ಮಾಸು ಬಿಕ್ಕಿದ.

ಜೀಪು ವುಬಾಲೆಮ್‌ಳನ್ನೂ ಜೆನೆಬೆಚ್‌ಳನ್ನೂ ಹೊತ್ತು ಆಸ್ಪತ್ರೆಗೆ ಧೂಳೆಬ್ಬಿಸಿಕೊಂಡು ಓಡಿತು. ತೆಕ್ಲೆಯವರು ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ತಾಬೋತ್ ಅನ್ನು ತಲೆಗೇರಿಸಿಕೊಂಡು ಹಿಂದಿನ ಓಣಿಯಿಂದ ಚರ್ಚಿಗೆ ನಡೆದರು. ಜಪ್ತಿ ಪಂಚನಾಮೆಯಲ್ಲಿ ಶಿಫೆರಾವ್ ಬರೆದರು: ‘ಬಟ್ಟೆ ಸುತ್ತಿದ ವಸ್ತು ಒಂದು. ಬಿಚ್ಚಿಲ್ಲ.’ ಅದ್ಮಾಸುವನ್ನು ಬಂಧಿಸಿ ನಡೆಸಿಕೊಂಡೇ ಠಾಣೆಗೆ ತಂದರು. ಬಾಗಿಲಲ್ಲಿದ್ದ ಜನಕ್ಕೆ ಮಾಲು ಸಿಕ್ಕಿದೆ, ಕದ್ದವನು ನಮ್ಮವನೇ ಎಂದರು. ಜನ ತಲೆ ತಗ್ಗಿಸಿ ಚದುರಿದರು. ಜಮಾಲ್‌ನನ್ನು ಬಿಟ್ಟ ಲಾಕಪ್ಪಿಗೇ ಅದ್ಮಾಸುವನ್ನು ಹಾಕಿದರು.

“ಯಾಕೆ ತಗೊಂಡ್ರಿ?” ಕೇಳಿದರು ಶಿಫೆರಾವ್.

“ಮೊದಲನೇವಳಿಗೂ ಇದೇ ಹಬ್ಬದ ದಿನವೇ ನೋವು ಬಂತು. ನಾನು ಮೆರವಣಿಗೇಲಿದ್ದೆ, ತಾಬೋತ್ ತಲೆ ಮೇಲಿತ್ತು. ಯಾರೋ ಕಿವೀಲಿ ಹೇಳಿದ್ರು, ನಿನ್ನ ಹೆಂಡ್ತಿ ಹೋಗ್ತಿದಾಳೆ ಬಾ ಅಂತ. ನಡುದಾರೀಲಿ ಇಳಿಸೋ ಹಾಗಿಲ್ಲ ಸಾರ್. ಇಳಿಸಲಿಲ್ಲ. ತಾಯೀನೂ ಹೋದಳು, ಮಗೂನೂ ಹೋಯ್ತು.” ಅವನು ಕಂಬಿ ಹಿಡಿದುಕೊಂಡ. “ಈ ಸಲ ಬೇಡಿಕೊಳ್ಳೋಕೆ ಗರ್ಭಗುಡಿಯೊಳಗೆ ಬಿಡಲ್ಲ ಅಂದ್ರು. ಅದಕ್ಕೇ ಮನೆಗೆ ತಂದೆ. ತಾಬೋತನ್ನೂ ಅವಳನ್ನೂ, ಇಬ್ಬರನ್ನೂ ಬಿಟ್ಟಿರೋದು ಬೇಡ ಅಂತ.”

ಅಷ್ಟರಲ್ಲಿ ಮೆರವಣಿಗೆ ಬಂತು. ಡೋಲು, ಹೆಂಗಸರ ಉಲಿ, ಜರಿಯಂಚಿನ ಕೊಡೆಗಳು. ರಸ್ತೆಯ ಎರಡೂ ಬದಿ ಜನ ಬಾಗಿದರು. ಅದ್ಮಾಸು ಬಾಗಲಿಲ್ಲ. ಅವನ ಕಣ್ಣು ಮೇಜಿನ ಮೇಲಿದ್ದ ಇನ್ಸ್‌ಪೆಕ್ಟರರ ಫೋನಿನ ಮೇಲೇ ನೆಟ್ಟಿತ್ತು.

ಅದು ಮಿನುಗಿತು. ಶಿಫೆರಾವ್ ಕಿವಿಗೆ ಒತ್ತಿಕೊಂಡು “ಏನಂದೆ? ಜೋರಾಗಿ ಹೇಳು, ಜೆನೆಬೆಚ್!” ಎಂದು ಕೂಗಿದರು. ಡೋಲಿನ ಸದ್ದಿನಲ್ಲಿ ಏನೂ ಕೇಳದೆ ಮತ್ತೆ ಕೂಗಿದರು. ಆಮೇಲೆ ಲಾಕಪ್ಪಿನ ಕಡೆ ತಿರುಗಿ, ಮಾತಾಡಿ ಪ್ರಯೋಜನವಿಲ್ಲವೆಂದು, ಎರಡು ಬೆರಳು ಎತ್ತಿ ತೋರಿಸಿ ನಕ್ಕರು.

ತಾಯಿ, ಮಗು ಇಬ್ಬರೂ ಉಳಿದಿದ್ದರು. ಅದ್ಮಾಸು ಬೀದಿಯ ಕಡೆ ತಿರುಗಿ ಹಣೆಯನ್ನು ನೆಲಕ್ಕೆ ಹಚ್ಚಿದ. ಡೋಲು ಹೊಳೆ ದಾರಿ ಹಿಡಿದು ದೂರವಾದ ಮೇಲೂ ಅವನು ತಲೆ ಎತ್ತಲಿಲ್ಲ.