ಒಂದು ಗೇಣು ಎಳೆ

ಒದ್ದೆ ರೇಷ್ಮೆಗೆ ಅದರದ್ದೇ ಒಂದು ವಾಸನೆಯಿದೆ. ಸೋಪು, ಗಂಜಿ, ಜೊತೆಗೆ ತುಸು ಹುಳಿ... ಬಣ್ಣದ ಬಾನಿಯ ಪಕ್ಕ ಕೂತು ಅಪ್ಪ ನೂಲು ಹಿಂಡುವಾಗ ಪುಟ್ಟ ಸಂಘಮಿತ್ರ ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ಬಣ್ಣದ ಬೆರಳಿನಿಂದ ಅವಳ ಮೂಗಿನ ತುದಿಗೆ ಚುಕ್ಕೆಯಿಡುತ್ತಿದ್ದರು.

ಆ ಬೆಳಿಗ್ಗೆ ಗಲ್ಲಿಯ ತಿರುವಿನಲ್ಲೇ ಅದೇ ವಾಸನೆ ಎದುರಾದಾಗ ಬೆಳೆದು ದೊಡ್ಡವಳಾದ ಸಂಘಮಿತ್ರ ಓಡತೊಡಗಿದಳು.

ಕಡಲೆಲ್ಲಿ, ದೊಡ್ಡಬಳ್ಳಾಪುರವೆಲ್ಲಿ. ಆದರೂ ಆಂಧ್ರದ ತೀರಕ್ಕೆ ಬಡಿದ ಚಂಡಮಾರುತದ ಬಾಲ ಹಿಂದಿನ ದಿನ ಈ ಊರನ್ನೂ ಸವರಿಕೊಂಡು ಹೋಗಿತ್ತು. ಚಿಕ್ಕಪೇಟೆಗೆ ಸೀರೆ ಕೊಡಲು ಹೋಗಿದ್ದ ಸಂಘಮಿತ್ರ ಬಸ್ಸಿಲ್ಲದೆ ಯಲಹಂಕದ ಗೆಳತಿಯ ಮನೆಯಲ್ಲಿ ಉಳಿದುಬಿಟ್ಟಿದ್ದಳು. ಈಗ ಬಂದು ನೋಡಿದರೆ ಗಲ್ಲಿಯ ತುಂಬ ಕೆಸರು, ಮುರಿದ ಕೊಂಬೆಗಳು, ಯಾರ ಮನೆಯದೋ ತಗಡು.

ಅವರ ಮಗ್ಗದ ಶೆಡ್ಡಿನ ಮಾಡೇ ಹಾರಿಹೋಗಿತ್ತು.

ಒಳಗೆ ನೀರಲ್ಲಿ ನಿಂತು ಒಬ್ಬ ಗಂಡಸು ಅಪ್ಪನ ಮಗ್ಗದ ಮೇಲೆ ಬಾಗಿದ್ದ. ಅವನ ಕೈಯಲ್ಲಿ ಕತ್ತರಿ!

"ಏನ್ರೀ ಮಾಡ್ತಿದ್ದೀರಾ? ಕೈ ತೆಗೀರಿ ಮೊದ್ಲು."

ಅವನು ತಿರುಗಿದ. ಯುಗಾದಿಯ ಹೊತ್ತಿಗೆ ಎದುರಿನ ತಾರಸಿ ಕಟ್ಟಡಕ್ಕೆ ಬಾಡಿಗೆಗೆ ಬಂದು ಮಗ್ಗ ಹಾಕಿಕೊಂಡಿದ್ದ ಅಂಬರೀಶ್. ಎದುರಾದಾಗ ತಲೆಯಾಡಿಸುವುದು ಬಿಟ್ಟರೆ ಇಬ್ಬರ ನಡುವೆ ಮಾತೇ ಆಗಿರಲಿಲ್ಲ.

"ಒದ್ದೆ ಹಾಸು ಸುತ್ತಿರೋ ಬೀಮ್ ಇಳಿಸ್ಬೇಕಿತ್ತು. ಇಲ್ದಿದ್ರೆ ಮಗ್ಗ ತುಕ್ಕು ಹಿಡಿದುಬಿಡುತ್ತೆ," ಎಂದ ಮೆಲ್ಲಗೆ.

ಮಗ್ಗದ ಉದ್ದಕ್ಕೂ ಹರಡಿರಬೇಕಿದ್ದ ಕೆಂಪು ಹಾಸಿನ ಎಳೆಗಳು ಕಡಿದು ನೆಲಕ್ಕೆ ಜೋತುಬಿದ್ದಿದ್ದವು.

"ಯಾರನ್ನ ಕೇಳಿ ಕತ್ತರಿಸಿದ್ರಿ?"

ಅವನ ಕಣ್ಣು ಒಂದು ಕ್ಷಣ ಜಗಲಿಯ ಕಡೆ ಹೋಯಿತು. ಅಲ್ಲಿ ಸಂಘಮಿತ್ರಳ ತಾಯಿ ವರಲಕ್ಷ್ಮಮ್ಮ ಸೆರಗು ಹೊದ್ದು ಕೂತಿದ್ದರು.

"ಯಾರನ್ನೂ ಕೇಳ್ಲಿಲ್ಲ. ತಪ್ಪಾಯ್ತು," ಎಂದು ಕತ್ತರಿಯನ್ನು ಕಿಟಕಿಯಲ್ಲಿಟ್ಟು ಹೊರಟುಹೋದ.

ನೇಕಾರರ ಮನೆಯಲ್ಲಿ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ, ಒಂದೊಂದಾಗಿ. ಅಪ್ಪ ಹೂಡಿದ ಕೊನೆಯ ಹಾಸಿನ ಎಳೆಗಳಿಗೆ ಸಂಘಮಿತ್ರ ಹಾಗೆಯೇ ಸೇರಿಸುತ್ತ, ಅವರು ತೀರಿಹೋದ ಮೇಲೂ ಮಗ್ಗ ನಡೆಸಿದ್ದಳು. ಹಾಸಿನ ಮೇಲೆ ಕತ್ತರಿ ಬಿತ್ತೆಂದರೆ ಆ ಮನೆ ನೇಯ್ಗೆ ಬಿಟ್ಟಿತು ಎಂದೇ ಗಲ್ಲಿಯ ಲೆಕ್ಕ.

'ಅಪ್ಪನದು ಅಂತ ಉಳಿದಿದ್ದು ಅದೊಂದೇ... ಯಾರೋ ಬಂದು ಕತ್ತರಿಸಿಬಿಟ್ಟ!'

ಅವಳು ಮಗ್ಗದ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿದಳು. ಮತ್ತೆ ಅದನ್ನು ತೆರೆಯಲಿಲ್ಲ.

ಗಲ್ಲಿ ನಿಧಾನಕ್ಕೆ ಒಣಗತೊಡಗಿತು. ಕರೆಂಟ್ ಬಂತು. ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನ ಮೇಲೆ ನೀಲಿ ಟಾರ್ಪಾಲು ಬಿಗಿದಿತ್ತು.

"ಲೇ ಮಿತ್ರಾ," ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಗೋಡೆಯಾಚೆಯಿಂದ ಕೂಗಿದರು. "ನಿಮ್ಮ ಮಾಡಿನ ಮೇಲೆ ಕೋತಿ ಕೂತೈತೆ ಅಂತ ಕೋಲು ತಗೊಂಡು ಬಂದ್ರೆ, ಆ ಎದುರುಮನೆ ಹುಡ್ಗ ಕಣೇ. ಹೊಡೆದೇಬಿಡ್ತಿದ್ದೆ."

"ಹೊಡೀಬೇಕಿತ್ತು ಅಕ್ಕ."

"ಯಾಕವ್ವಾ? ಒಳ್ಳೇ ಹುಡ್ಗ. ನನ್ನ ಮನೆ ಕೆಸರು ಅವನೇ ಎತ್ತಿದ್ದು. ಒಂದು ಕಾಫಿ ಕೊಟ್ರೆ ಲೋಟಾನೂ ತೊಳೆದಿಟ್ಟು ಹೋದ."

ಇನ್ನೊಂದು ದಿನ, ಹೊದಿಸಿದ ಸೀರೆಯ ಕೆಳಗೆ ಇಣುಕುತ್ತಿದ್ದ ಮಗ್ಗದ ಗಾಲಿಗಳಿಗೆ ಯಾರೋ ಎಣ್ಣೆ ಸವರಿದ್ದು ಕಂಡಿತು. 'ತಪ್ಪು ಮಾಡಿದವರು ಹೀಗೇ ಒಳ್ಳೆಯತನ ತೋರಿಸ್ತಾರೆ' ಎಂದುಕೊಂಡಳು. ಆದರೆ ಬಾಗಿಲಿಗೆ ಬಂದಾಗೆಲ್ಲ ಎದುರಿನ ಕಿಟಕಿಯತ್ತ ಕಣ್ಣು ಹೋಗುತ್ತಿತ್ತು. ಅದಕ್ಕೂ ಅವಳಿಗೆ ಕೋಪ... ತನ್ನ ಮೇಲೆಯೇ.

ಕೊನೆಗೆ ಗುಜರಿ ಆದಿನಾರಾಯಣಪ್ಪನನ್ನು ಕರೆಸಿದಳು.

"ಮಗ್ಗ ತಗೊಂಡ್ಹೋಗಿ ಅಣ್ಣಾ. ಹಾಸೇ ಹೋದ ಮೇಲೆ ಕಬ್ಬಿಣ ಇಟ್ಕೊಂಡು ಏನ್ ಮಾಡ್ಲಿ?"

"ನಿಮ್ಮಪ್ಪನ ಮಗ್ಗ ಅಲ್ವೇನವ್ವಾ ಇದು? ಇನ್ನೊಂದ್ಸಲ ಯೋಚ್ನೆ ಮಾಡು."

"ಯೋಚ್ನೆ ಆಯ್ತು."

ಎನ್ನುತ್ತ ಹೊದಿಸಿದ್ದ ಸೀರೆಯನ್ನು ಎಳೆದಳು. ಎಳೆದವಳು ಹಾಗೆಯೇ ನಿಂತುಬಿಟ್ಟಳು.

ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆಯ ಹಲ್ಲುಗಳಲ್ಲಿ ಅಪ್ಪನ ಕಾಲದಿಂದ ಸಾಗಿಬಂದ ಎಳೆಗಳು ಇನ್ನೂ ಇದ್ದವು. ಹಿಂದಕ್ಕೆ ಒಂದು ಗೇಣಿನಷ್ಟು ಉಳಿಸಿ ಕತ್ತರಿಸಲಾಗಿತ್ತು. ಒಂದೂ ಸಾಲು ತಪ್ಪದಂತೆ ಸಣ್ಣ ಸಣ್ಣ ಜಡೆಗಳಾಗಿ ಕಟ್ಟಿ, ಪ್ರತಿ ಜಡೆಗೂ ಬಟ್ಟೆಯ ಚೂರು ಸುತ್ತಿತ್ತು. ಹೊಸ ಹಾಸು ತಂದು ಸೇರಿಸುವುದಷ್ಟೇ ಬಾಕಿ. ಇದನ್ನೇ ನೋಡದೆ ತಾನು ಮುಚ್ಚಿಟ್ಟಿದ್ದಳಲ್ಲ...

"ಮಿತ್ರಾ," ಬಾಗಿಲಲ್ಲಿ ಅಮ್ಮ ನಿಂತಿದ್ದರು. "ಆ ಹುಡುಗನ್ನ ಬೈಬೇಡ ಕಣೇ. ಕತ್ತರಿಸು ಅಂದಿದ್ದು ನಾನು."

"ಅಮ್ಮಾ?"

"ನೋಡೋಕೆ ಬಂದ ಗಂಡುಗಳಿಗೆಲ್ಲ ನೀನು ಮಗ್ಗ ಬಿಟ್ಟು ಬರಲ್ಲ ಅಂದೆ. ಮಾಡು ಹಾರಿಹೋದಾಗ, ಇದೂ ಹೋಗ್ಲಿ, ನನ್ನ ಮಗಳು ಬಿಡುಗಡೆ ಆಗ್ಲಿ ಅನ್ನಿಸ್ತು. ಹಾಸನ್ನ ಬುಡಸಮೇತ ಕಿತ್ತುಹಾಕಪ್ಪ ಅಂತ ನಾನೇ ಅವನಿಗಂದೆ. ಅವನು ಬೀಮ್ ಮಾತ್ರ ಇಳಿಸ್ತೀನಮ್ಮಾ, ಹಣಿಗೇಲಿರೋ ಬುಡ ಕೀಳಲ್ಲ ಅಂದ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವತ್ತೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ."

ಆದಿನಾರಾಯಣಪ್ಪ ಸದ್ದಿಲ್ಲದೆ ಚಪ್ಪಲಿ ಮೆಟ್ಟಿದ. "ನಾನು ಹೋಗ್ತೀನವ್ವಾ. ಇದು ಗುಜರಿ ಅಲ್ಲ."

ಸಂಘಮಿತ್ರ ಅಮ್ಮನ ಕೈಯನ್ನು ಒಮ್ಮೆ ಒತ್ತಿ ಗಲ್ಲಿ ದಾಟಿದಳು. ಅಂಬರೀಶ್ ತನ್ನ ಮಗ್ಗ ನಿಲ್ಲಿಸಿದ.

"ಒಂದು ಗೇಣು ಯಾಕೆ ಉಳಿಸಿದ್ರಿ?" ಎಂದಳು.

"ನಮ್ದು ಆಂಧ್ರದ ಚೀರಾಲ ಕಡೆ, ಕಡಲ ಪಕ್ಕದ ಹಳ್ಳಿ. ನಾನು ಚಿಕ್ಕೋನಿದ್ದಾಗ ಇಂಥದ್ದೇ ತುಫಾನು ಬಂತು. ಹಾಸು ಕತ್ತರಿಸಬಾರದು ಅಂತ ನಮ್ಮ ನಾನ್ನ, ಅಂದ್ರೆ ಅಪ್ಪ, ಕೈ ಕಟ್ಕೊಂಡು ಕಾದ್ರು. ಉಪ್ಪುನೀರು ನುಗ್ಗಿ ಹಾಸೂ ಹೋಯ್ತು, ಮಗ್ಗಾನೂ ಹೋಯ್ತು. ಆಮೇಲೆ ನಾನ್ನ ನೇಯಲೇ ಇಲ್ಲ." ಅವನು ತಲೆ ತಗ್ಗಿಸಿದ. "ನಿಮ್ಮದು ಹಾಗಾಗ್ಬಾರ್ದು ಅನ್ನಿಸ್ತು."

"ಅಮ್ಮ ಹೇಳಿದ್ದು ಅಂತ ಅವತ್ತೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಅವರ ಜೊತೆ ಮಾತು ಬಿಡ್ತಿದ್ರಿ. ನನ್ನ ಜೊತೆ ಬಿಟ್ರೆ ಏನು ನಷ್ಟ... ಮೊದ್ಲೇ ಎಲ್ಲಿ ಮಾತಾಡ್ತಿದ್ರಿ?"

ಸಂಘಮಿತ್ರಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹೊಸ ಹಾಸು ತರ್ತೀನಿ. ಸೇರಿಸೋಕೆ ಬರ್ತೀರಾ?"

"ನೀವು ಕರೀಲಿ ಅಂತಲೇ ಕಾಯ್ತಿದ್ದೆ."

ಭಾನುವಾರ ಬೆಳಿಗ್ಗೆ ಮಗ್ಗದ ಎರಡು ಬದಿಯಲ್ಲಿ ಇಬ್ಬರೂ ಕೂತರು. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಅವನು ಹೊಸ ಎಳೆ ಆರಿಸಿ ಕೊಡುತ್ತ, ಅವಳು ಹಳೆಯದಕ್ಕೆ ಹೊಸೆಯುತ್ತ ಹೋದರು. ನಡುವೆ ಎಳೆಗಳ ತೆಳು ಪರದೆ. ಮುಖ ಅರ್ಧ ಮಾತ್ರ ಕಾಣುತ್ತಿದ್ದುದರಿಂದಲೋ ಏನೋ, ಮಾತು ಸಲೀಸಾಗಿ ಬಂತು.

"ನಿಮ್ಮ ಮಗ್ಗ ಶುರುವಾದ ಮೇಲೇ ನಾನು ನನ್ನದು ಹಾಕ್ತಿದ್ದೆ," ಎಂದ ಅಂಬರೀಶ್. "ಅದು ನಿಂತ ಮೇಲೆ ನಂಗೆ ಬೆಳಗಾದ ಹಾಗೇ ಅನ್ನಿಸ್ತಿಲ್ಲ."

ಅವಳ ಬೆರಳು ನಿಂತಿತು. "ಅದಷ್ಟೇನಾ?"

"ಅಷ್ಟೇ ಅಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ, ಮಿತ್ರ."

ಹೊರಗೆ ಯಾರದೋ ಮಾಡಿನ ಮೇಲೆ ಹೊಸ ತಗಡಿಗೆ ಮೊಳೆ ಹೊಡೆಯುವ ಸದ್ದು. ಅವಳು ಕೈಯಲ್ಲಿದ್ದ ಎಳೆಯನ್ನು ಹೊಸೆದು ಮುಗಿಸಿದಳು.

"ಮದುವೆ ಅಂತಾದ್ರೆ ಈ ಮಗ್ಗ ಬಿಟ್ಟು ಬರೋಳಲ್ಲ ನಾನು. ಮೊದ್ಲೇ ಹೇಳ್ತಿದ್ದೀನಿ."

"ಬರಬೇಡಿ. ಗಲ್ಲಿ ದಾಟೋಕೆ ನಂಗೂ ಕಾಲಿದೆ."

"ಅಮ್ಮಾನೂ ನನ್ನ ಜೊತೇಲೇ ಇರ್ತಾರೆ."

"ಅವರನ್ನ ನಿಮಗಿಂತ ಮೊದ್ಲೇ ಒಪ್ಪಿಸಿದ್ದೀನಿ, ಟಾರ್ಪಾಲು ಕಟ್ಟಿದ ದಿನ."

"ಕಳ್ಳ," ಎಂದಳು ಸಂಘಮಿತ್ರ. ಎಳೆಗಳ ಆಚೆಗಿದ್ದ ಅವನ ಮುಖವನ್ನು ಮೊದಲ ಬಾರಿಗೆ ನೇರವಾಗಿ ನೋಡಿದಳು. "ಕೊಡಿ, ಮುಂದಿನ ಎಳೆ."

"ಹೂಂ ಅಂತ ಅಂದ್ಕೊಳ್ಲಾ?"

"ಎಳೆ ಕೊಡಿ ಅಂದ್ನಲ್ಲ... ಹೂಂ ಅಲ್ದಿದ್ರೆ ಕೇಳ್ತಿದ್ನಾ?"

ಅಷ್ಟರಲ್ಲಿ ವರಲಕ್ಷ್ಮಮ್ಮ ಒಳಗೆ ಬಂದರು. ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. ಚೊಂಬಿನ ನೀರನ್ನು ಅಂಬರೀಶನ ಬೂದಿಗೈ ಮೇಲೆ ಹುಯ್ದರು, ಒರೆಸಿಕೊಳ್ಳಲು ಸೆರಗಿನ ತುದಿ ಕೊಟ್ಟರು. ಆಮೇಲೆ ಬಿಸಿ ಮುದ್ದೆ, ಅವರೆಕಾಳು ಸಾರು ಇದ್ದ ತಟ್ಟೆಯನ್ನು ಸದ್ದಿಲ್ಲದೆ ಅವನ ಕೈಗಿತ್ತರು.