ಹೊಗೆ ನೋಡಿ ವಾಚ್ ಒತ್ತಿದವನು

ಸ್ಟಾಪ್‌ವಾಚ್ ಹಿಡಿದ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಸ್ಸು ಹಿಡಿಯಲಿಕ್ಕೂ ಓಡದ ಈ ಮಹಾನುಭಾವರು ಬ್ಲೇಜರ್ ತೊಟ್ಟುಕೊಂಡು ನಮ್ಮ ಕಾಲಿಗೆ ಬೆಲೆ ಕಟ್ಟುತ್ತಾರೆ.

ಎಪ್ಪತ್ತೊಂಬತ್ತರಲ್ಲಿ ನ್ಯಾಷನಲ್ ಮೀಟ್ ಹೇಗೋ ದಾವಣಗೆರೆಗೆ ಬಂತು. ನಾನು ಹರಿಹರದ ದ್ರಾಕ್ಷಾಯಣಿ, ಓಡುವುದು ಇನ್ನೂರು ಮೀಟರ್. ಏಷ್ಯಾ ಕೂಟದ ತಂಡಕ್ಕೆ ಸೇರಲು ಗೆದ್ದರಷ್ಟೇ ಸಾಲದು, ಇಪ್ಪತ್ತೈದು ಸೆಕೆಂಡ್ ದಾಟಬಾರದು. "ಈ ಸಲ ತಂಡದಾಗ ಹೆಸರು ಬರ್ಲಿಲ್ಲಂದ್ರೆ ಓಟ ಸಾಕು, ಗಂಡು ನೋಡ್ತೀನಿ" ಎಂದು ಅಪ್ಪ ಹೇಳಿಬಿಟ್ಟಿದ್ದರು.

ಗುರಿ ಗೆರೆಯ ಪಕ್ಕ ಮೂವರು ಟೈಮ್‌ಕೀಪರ್‌ಗಳು. ಇಬ್ಬರು ಅಥ್ಲೆಟಿಕ್ ಸಂಘದ ದೊಡ್ಡವರು, ಎಡಗೈಯಲ್ಲಿ ಮಂಡಕ್ಕಿ ಪೊಟ್ಟಣ, ಬಲಗೈಯಲ್ಲಿ ವಾಚು. ಮೂರನೆಯವನು ಹರಿಹರದ ಸ್ಟೇಷನ್ ರಸ್ತೆಯ ವಾಚ್ ರಿಪೇರಿ ಉಜ್ಜನಪ್ಪ. ಸಂಘದವರ ಕೆಟ್ಟ ವಾಚುಗಳನ್ನು ರಿಪೇರಿ ಮಾಡಿ ತಂದಿದ್ದನಂತೆ. ಆಳು ಕಡಿಮೆ ಬಿತ್ತೆಂದು ಅವನನ್ನೇ ನಿಲ್ಲಿಸಿಕೊಂಡಿದ್ದರು. ಇಸ್ತ್ರಿ ಕಾಣದ ಅಂಗಿ, ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಒತ್ತಿ ಮೂಡಿದ ದುಂಡನೆಯ ಗುರುತು. ಇವನೂ ಒಬ್ಬ ಅಧಿಕಾರಿ, ಅಂದುಕೊಂಡೆ.

ನಾನು ಗೆದ್ದೆ. ಇಬ್ಬರ ವಾಚು ಇಪ್ಪತ್ನಾಲ್ಕು ಪಾಯಿಂಟ್ ಎಂಟು, ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು ತೋರಿಸಿದವು. ಉಜ್ಜನಪ್ಪನದು ಇಪ್ಪತ್ತೈದು ಪಾಯಿಂಟ್ ಎರಡು. ಮೂರೂ ಬೇರೆಯಾದರೆ ನಡುವಿನದೇ ಲೆಕ್ಕ. ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು! ಸಂಘದ ಮುಖ್ಯಸ್ಥ ಹಾಲೇಶಪ್ಪನವರು ತಾವೇ ಓಡಿದವರಂತೆ ಬೆವರು ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು.

ಉಜ್ಜನಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನಾನು ನೋಡಿದರೆ ಕಣ್ಣು ವಾಚಿನ ಮೇಲೆ, ಆಚೆ ತಿರುಗಿದರೆ ನನ್ನ ಮೇಲೆ. ನನಗೆ ರೇಗಿತು.

"ಏನ್ರಿ, ಗೆದ್ದಿದ್ದು ಕಂಡು ಹೊಟ್ಟೆ ಉರೀತೈತೇನು?"

"ಇಲ್ರಿ." ಅವನ ಕಿವಿ ಕೆಂಪಾಯಿತು. "ಆದ್ರ ಅವ್ರ ಟೈಮು ಖರೆ ಅಲ್ಲ."

"ನಿಮ್ಮ ಡಬ್ಬಾ ವಾಚು ಒಂದೇ ಖರೆ?"

"ಮೂರೂ ನಾನೇ ರಿಪೇರಿ ಮಾಡಿದ್ವು, ಮೂರೂ ಸರಿ ಅದಾವು. ಪಿಸ್ತೂಲು ಹೊಡೆಯೋದು ಮೈದಾನದ ಆ ಕಡಿಗೆ. ಹೊಗೆ ಮೊದ್ಲು ಕಾಣ್ತತಿ, ಸದ್ದು ಆಮ್ಯಾಲೆ ಬರ್ತತಿ. ಹೊಗೆ ನೋಡಿ ಒತ್ತಬೇಕು. ಅವ್ರು ಮಂಡಕ್ಕಿ ನೋಡ್ತಿದ್ರು, ಸದ್ದು ಕೇಳಿ ಒತ್ತಿದ್ರು. ವಾಚು ತಡಾಗಿ ಸುರುವಾದ್ರ ಟೈಮು ಕಡಿಮಿ ತೋರಿಸ್ತತಿ."

"ಹೋಗಿ ಹೇಳ್ರಿ ಹಂಗಾದ್ರ. ನನ್ನ ಹೆಸರು ಹೊಡೆಸಿಹಾಕ್ರಿ!"

"ನಾನು ಕಂಡದ್ದು ಬರೆದು ಕೊಟ್ಟೀನಿ. ಮ್ಯಾಲೆ ನಾನೇನೂ ಹೇಳಂಗಿಲ್ಲ. ನಿಮಗ ಗೊತ್ತಿರ್ಲಿ ಅಂತ ಹೇಳಿದೆ. ಪರದೇಶದಾಗ ಕರೆಂಟಿನ ಗಡಿಯಾರ ಇರ್ತಾವು. ಅಲ್ಲಿ ಯಾರರ ನಿಮ್ಮನ್ನ ನೋಡಿ ನಕ್ರೆ..." ವಾಚಿನ ಕೀಲಿ ತಿರುಗಿಸಿದ. "ನನಗ ತಡಕೊಳ್ಳಾಕ ಆಗಂಗಿಲ್ರಿ."

ಅವನ್ಯಾರು ತಡೆದುಕೊಳ್ಳಲಿಕ್ಕೆ? ಹರಿಹರದವರೆಗೂ ಬಸ್ಸಿನಲ್ಲಿ ಅವನನ್ನು ಮನಸ್ಸಿನಲ್ಲೇ ಬೈದೆ. ಮನೆಗೆ ಬಂದರೆ ಅಪ್ಪ ಬೀದಿಗೆಲ್ಲ ಪೇಡಾ ಹಂಚುತ್ತಿದ್ದರು. ಕೈಗೆ ಬಂದ ಪೇಡಾವನ್ನು ತಿರುಗಿ ಡಬ್ಬಿಗೇ ಹಾಕಿದೆ. ಇಷ್ಟು ವರ್ಷ ಬ್ಲೇಜರಿನವರನ್ನು ಸುಳ್ಳುಗಾರರೆಂದು ಹಳಿದವಳು ನಾನು. ಈಗ ಅದೇ ಸುಳ್ಳನ್ನು ಕೊರಳಿಗೆ ಹಾಕಿಕೊಂಡು ಮೆರೆಯಬೇಕಿತ್ತು. ನನ್ನನ್ನು ಕಂಡು ನನಗೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ದಾವಣಗೆರೆಗೆ ಮರಳಿ, ತಂಡದ ಪಟ್ಟಿ ಓದುವ ಮೊದಲು ಆಯ್ಕೆದಾರರ ಮೇಜಿನ ಮುಂದೆ ಹೋಗಿ ನಿಂತೆ. "ನನ್ನ ಟೈಮು ತಪ್ಪು ಐತ್ರಿ. ಸದ್ದು ಕೇಳಿ ಒತ್ತ್ಯಾರ. ಇನ್ನೊಮ್ಮೆ ಓಡಿಸ್ರಿ."

"ತಲಿ ಕೆಟ್ಟೈತೇನವ್ವಾ? ಸುಮ್ನ ಕೂಡು" ಎಂದು ಹಾಲೇಶಪ್ಪನವರು ಹಲ್ಲು ಕಚ್ಚಿದರು. ಪಕ್ಕದಲ್ಲಿ ಹೊರ ರಾಜ್ಯದ ಆಯ್ಕೆದಾರರಿದ್ದರು. ಅವರು ಉಜ್ಜನಪ್ಪನ ಲೆಕ್ಕ ನೋಡಿ ನನ್ನೊಬ್ಬಳಿಗೇ ಮರುಓಟ ಗೊತ್ತುಮಾಡಿದರು. ಈ ಸಲ ಹೊರಗಿನವರಿಬ್ಬರು, ಜೊತೆಗೆ ಉಜ್ಜನಪ್ಪ. ಯಾರ ಕೈಯಲ್ಲೂ ಮಂಡಕ್ಕಿ ಇರಲಿಲ್ಲ.

ಜೊತೆಗೆ ಯಾರೂ ಇಲ್ಲದೆ ಓಡುವುದು ಕೆಟ್ಟ ಕೆಲಸ. ಅಟ್ಟಿಸಿಕೊಂಡು ಹೋಗಲು ಯಾರೂ ಇಲ್ಲ, ತಪ್ಪಿಸಿಕೊಳ್ಳಲೂ ಯಾರೂ ಇಲ್ಲ. ಜೀವ ಬಾಯಿಗೆ ಬರುವಂತೆ ಓಡಿದೆ. ಗೆರೆ ದಾಟಿ ಬಿದ್ದವಳು ಮೊದಲು ನೋಡಿದ್ದು ಅವನ ಮುಖವನ್ನು. ನೋಡಿದ ಕೂಡಲೇ ಗೊತ್ತಾಯಿತು.

ಇಪ್ಪತ್ತೈದು ಪಾಯಿಂಟ್ ಒಂದು. ಮೂರು ವಾಚುಗಳಲ್ಲೂ ಅದೇ.

ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. "ಬಾಯಿ ಮುಚ್ಚಿಕೊಂಡಿದ್ರ ವಿಮಾನ ಹತ್ತತಿದ್ದಿ" ಎಂದರು ಹಾಲೇಶಪ್ಪನವರು. "ನೀವು ಹತ್ರಿ, ಓಡೋರು ಯಾರೂ ಇಲ್ಲದಿದ್ರೂ ನೀವಂತೂ ಹೋಗಾವ್ರ" ಎಂದು ಕೈಮುಗಿದು ಬಂದೆ. ಗೇಟು ದಾಟುವವರೆಗೆ ಅಳು ತಡೆದುಕೊಂಡಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಉಜ್ಜನಪ್ಪ ಎರಡು ಮಾರು ದೂರ ನಿಂತಿದ್ದ. ಕರ್ಚೀಫು ತೆಗೆದ, ನೋಡಿದ, ಎಣ್ಣೆ ಜಿಡ್ಡು ಕಂಡು ಮತ್ತೆ ಜೇಬಿಗಿಟ್ಟ. ಅಳುವಿನ ನಡುವೆಯೂ ನಗು ಬಂತು.

"ಕೊಡ್ರಿ, ಅಡ್ಡಿಯಿಲ್ಲ" ಎಂದೆ.

ಕೊಟ್ಟ. ಒಂದು ಹೆಜ್ಜೆ ಹತ್ತಿರ ಬಂದ. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇವತ್ತು ನೀವು ಗೆರಿ ಹತ್ರ ಬಂದಾಗ ನನ್ನ ಹೆಬ್ಬೆಟ್ಟು ಮೊದ್ಲೇ ಒತ್ತಾಕ ಹೊಂಟಿತ್ತು. ಹನ್ನೆರಡು ವರ್ಷ ವಾಚ್ ರಿಪೇರಿ ಮಾಡೀನಿ, ಕೈ ಹಂಗ ಎಂದೂ ತಪ್ಪಿದ್ದಿಲ್ಲ."

"ಮತ್ತ ಯಾಕ ಒತ್ತಲಿಲ್ಲ?"

"ಒತ್ತಿದ್ರ ನೀವು ನನ್ನ ಮಾರಿ ನೋಡೋದನ್ನ ಬಿಡ್ತಿದ್ರಿ."

ನನ್ನನ್ನು ಹೊಗಳಿದ ಗಂಡಸರು ಬೇಕಾದಷ್ಟಿದ್ದರು, ಒಬ್ಬರ ಮೇಲೂ ನನಗೆ ಕವಡೆ ಕಾಸಿನ ನಂಬಿಕೆ ಇರಲಿಲ್ಲ. ಈ ಇಸ್ತ್ರಿ ಇಲ್ಲದ ಅಂಗಿಯವನ ಮೇಲೆ ಪ್ರಾಣದಷ್ಟು ಪ್ರೀತಿ ಹುಟ್ಟಿಬಿಟ್ಟಿತ್ತು.

"ಅಪ್ಪ ಇನ್ನು ಗಂಡು ನೋಡ್ತಾರ" ಎಂದೆ. "ಭಾನುವಾರ ಮನಿಗೆ ಬರ್ರಿ."

ಅವನು ಬೆವೆತ. "ಏನಂತ ಬರ್ಲಿ?"

"ನಿಮ್ಮ ಮಗಳಿಗೆ ದಿನಾ ಬೈಯಾಕ ಒಬ್ಬ ಕಾಯಂ ಮನುಷ್ಯ ಬೇಕಂತ, ನಾನು ಬಂದೀನಿ ಅನ್ರಿ."

ಮೊದಲ ಸಲ ಅವನು ವಾಚು ಬಿಟ್ಟು ನನ್ನನ್ನೇ ನೆಟ್ಟಗೆ ನೋಡಿ ನಕ್ಕ. ಹರಿಹರದ ಬಸ್ಸು ಬಂತು. ನನಗೆ ಒಂದೇ ಭಯ ಉಳಿದಿತ್ತು, ಕೇಳಿಯೇಬಿಟ್ಟೆ.

"ಮದುವಿ ಆದಮ್ಯಾಲೆ ಓಟ ಬಿಡಿಸ್ತೀರಾ ಅಂತ ಅಪ್ಪ ಕೇಳ್ತಾರ. ಏನು ಹೇಳ್ತೀರಿ?"

ಉಜ್ಜನಪ್ಪ ಬಸ್ಸಿನ ಬಾಗಿಲು ಹಿಡಿದುಕೊಂಡು ನನ್ನನ್ನು ಮೊದಲು ಹತ್ತಿಸಿದ.

"ಇನ್ನ ಪಾಯಿಂಟ್ ಒಂದು ಕಡಿಮಿ ಆಗಬೇಕು, ಈಗ್ಲೇ ಹೆಂಗ ಬಿಡಿಸ್ಲಿ ಅಂತೀನ್ರಿ."