ಒಂಬತ್ತನೇ ನಂಬರಿನ ಬಸವನ ಹುಳು

ಟಿಣ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಣ್.

ರೂಪಶ್ರೀ ಎದ್ದು ಕೂತಳು. ನಡುರಾತ್ರಿ. ಪಕ್ಕದಲ್ಲಿ ತಂಗಿ ಗಂಗೋತ್ರಿ, ಮಂಚದ ಮೇಲೆ ಅಜ್ಜಿ ಮಲಗಿದ್ದರು. ಮೆಕ್ಕೆಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದ ಡಬ್ಬಿಯ ಕಡೆಗೆ ಟಾರ್ಚ್ ಬಿಟ್ಟಳು.

ಡಬ್ಬಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿತ್ತು. ಒಳಗೆ ನೀರಿತ್ತು, ಪಾಚಿಯಿತ್ತು. ಒಂಬತ್ತನೇ ನಂಬರ್ ಇರಲಿಲ್ಲ!

ಒಂಬತ್ತನೇ ನಂಬರ್ ಅಂದರೆ ಒಂದು ಬಸವನ ಹುಳು. ಅದರ ಚಿಪ್ಪಿನ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ನಂಬರ್ ಬರೆದಿತ್ತು. ಚನ್ನಗಿರಿಯ ದನದ ಡಾಕ್ಟರ್ ಕೊಟ್ರೇಶ್ ಇಂಥ ಹನ್ನೆರಡನ್ನು ಲಿವರ್ ಹುಳದ ಮರಿಗಳಿದ್ದ ನೀರಿಗೆ ಬಿಟ್ಟಿದ್ದರು. ಆ ಹುಳ ಮೊದಲು ಬಸವನ ಹುಳುವಿನೊಳಗೆ ಬೆಳೆಯುತ್ತದೆ. ಆಮೇಲೆ ಹೊರಬಂದು ಹುಲ್ಲಿಗೆ ಅಂಟಿಕೊಂಡು ಎಮ್ಮೆಯ ಹೊಟ್ಟೆ ಸೇರುತ್ತದೆ. ಹನ್ನೊಂದಕ್ಕೆ ಹುಳ ತಗುಲಿತು. ಒಂಬತ್ತನೆಯದಕ್ಕೆ ಮಾತ್ರ ಇಲ್ಲ! ಯಾಕಿರಬಹುದು ಎಂದು ಡಾಕ್ಟರ್ ಸೋಮವಾರ ಶಾಲೆಗೆ ಬಂದು ಮತ್ತೆ ನೋಡುವವರಿದ್ದರು. ಅಲ್ಲಿಯವರೆಗೆ ಅದನ್ನು ಸಾಕಲು ಕ್ಲಾಸಿನಲ್ಲಿ ಚೀಟಿ ಎತ್ತಿದಾಗ ಬಂದದ್ದು ರೂಪಶ್ರೀ ಹೆಸರು.

"ಗಂಗೀ, ಏಳೇ! ನಂಬರ್ ನೈನ್ ಓಡಿಹೋಗೈತೆ!"

"ಬಸವನ ಹುಳು ಓಡಾಕೆ ಹೆಂಗಾಗುತ್ತೆ ಅಕ್ಕಾ?" ತನ್ನ ಮಾತಿಗೆ ತನಗೇ ನಗು ಬಂದು ಗಂಗೋತ್ರಿ ದಿಂಬು ಕಚ್ಚಿಕೊಂಡಳು.

"ಶ್! ಅಜ್ಜಿ ನೋಡಿದ್ರೆ ತಿಪ್ಪೆಗೆ ಎಸೀತಾಳೆ."

ಅಜ್ಜಿ ಸರ್ವಮಂಗಳಮ್ಮ ಕಂಬಳಿ ಹುಳ ಕಂಡರೂ ಕಿರುಚಿ ಕಟ್ಟೆ ಹತ್ತುವವಳು.

ನೆಲದ ಮೇಲೆ ಅಂಟಂಟಾದ ಗೆರೆಯೊಂದು ಹೊಳೆಯುತ್ತಿತ್ತು. ಇಬ್ಬರೂ ಅಂಬೆಗಾಲಿಟ್ಟು ಅದರ ಹಿಂದೆ ಹೊರಟರು.

"ನಿನ್ನ ಸ್ಕೂಲ್ ಬ್ಯಾಗ್ ಹತ್ತಿ ಇಳಿದೈತೆ ಕಣಕ್ಕಾ. ಹೋಂವರ್ಕ್ ಚೆಕ್ ಮಾಡಾಕೆ!"

"ಬಾಯಿ ಮುಚ್ಚೇ!" ರೂಪಶ್ರೀಗೂ ನಗು ತಡೆಯಲಾಗಲಿಲ್ಲ.

ಗೆರೆ ಮಂಚದ ಕಾಲು ಹತ್ತಿತ್ತು. ಇಬ್ಬರ ನಗುವೂ ನಿಂತಿತು. ಟಾರ್ಚ್ ಮೆಲ್ಲಗೆ ಮೇಲೇರಿತು. ಅಜ್ಜಿಯ ಮೊಣಕೈ ಹತ್ತಿರ ಕೆಂಪಗೆ 9.

"ಬೇಗ ತೆಗಿಯೇ," ತುಟಿ ಅಲ್ಲಾಡಿಸದೆ ಅಜ್ಜಿ ಅಂದಳು.

"ಅಜ್ಜೀ! ನಿಂಗೆ ಎಚ್ಚರ ಐತಾ? ಕೂಗಬಾರದಾ?"

"ಕೂಗಿದ್ರೆ ಕೈ ಕೊಡವ್ತಿದ್ದೆ. ಕೊಡವಿದ್ರೆ ಅದು ಸಾಯ್ತಿತ್ತು. ಅದಕ್ಕೇ ನಿಮ್ಮನ್ನ ಎಬ್ಬಿಸಾಕೆ ಇನ್ನೊಂದು ಕೈಯಿನ ಬಳೆ ಮಂಚಕ್ಕೆ ಬಡೀತಾ ಮಲಗೀನಿ. ಆ ಹಾಳು ಹುಳ ನಮ್ಮ ಎಮ್ಮೆನ ಹೆಂಗೆ ಸೊರಗಿಸ್ತು ಅಂತ ನಾನು ನೋಡಿಲ್ವೇನು? ಇದು ಅದನ್ನ ಗೆದ್ದೈತೆ ಅಂತ ಫೋನ್‌ನಾಗೆ ಊರಿಗೆಲ್ಲ ಹೇಳ್ತಿರ್ತೀಯಲ್ಲ... ಮೊದ್ಲು ತೆಗಿಯೇ ತಾಯಿ!"

ರೂಪಶ್ರೀ ಮೆಲ್ಲಗೆ ಎಳೆದಾಗ ಪಚ್ ಎಂದು ಅಜ್ಜಿಯ ಕೈಯಿಂದ ಅದು ಬಿಟ್ಟುಕೊಂಡಿತು. ಅಜ್ಜಿ "ಇಶ್ಶಿಶ್ಶೀ!" ಎಂದು ಕಂಬಳಿಯೊಳಗೆ ಮುಖ ಹುದುಗಿಸಿದಳು. ಮೂವರೂ ನಕ್ಕ ನಗುವಿಗೆ ಮಂಚವೇ ಅಲ್ಲಾಡಿತು.

"ಏನ್ರೇ ಅದು ಸದ್ದು?" ಒಳಕೋಣೆಯಿಂದ ಅಮ್ಮ ಕೇಳಿದಳು.

"ಬೆಕ್ಕು ಕಣಮ್ಮಾ, ಮಲಗು," ಅಂದಳು ಅಜ್ಜಿ.

ಡಬ್ಬಿಗೆ ಬಟ್ಟೆ ಬಿಗಿದು ಕಟ್ಟಿ, ಮೂವರೂ ಕೈ ತೊಳೆಯಲು ಬಚ್ಚಲಿಗೆ ಹೋದರು.

"ಅಜ್ಜಿ ಕಟ್ಟಿಗೆ ಥರ ಮಲಗಿದ್ದು! ಕ್ಲಾಸ್‌ನಾಗೆ ಎಲ್ರಿಗೂ ಹೇಳ್ತೀನಿ!" ಗಂಗೋತ್ರಿ ಕುಣಿಯುತ್ತಿದ್ದಳು.

ರೂಪಶ್ರೀಯೂ ಅದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಆದರೆ ಸೋಪು ಹಚ್ಚಲು ತಾನು ಹಿಡಿದ ಅಜ್ಜಿಯ ಕೈ ಇನ್ನೂ ನಡುಗುತ್ತಿತ್ತು. ಅವಳು ಆ ಕೈಯನ್ನು ಬೇಗ ಬಿಡಲಿಲ್ಲ.

ತಾನಂತೂ ಯಾರಿಗೂ ಹೇಳುವುದಿಲ್ಲ. ಗಂಗೋತ್ರಿ ಬಾಯಿ ಮುಚ್ಚಲು ಏನು ಲಂಚ ಕೇಳುತ್ತಾಳೋ, ಅದನ್ನು ಬೆಳಗ್ಗೆ ನೋಡಿಕೊಂಡರಾಯಿತು.